ಹಿಯರ್ ಎಲ್ಲಿ, ಲಿಸನ್ ಎಲ್ಲಿ: ‘ನನಗೆ’ ಮತ್ತು ‘ನಾನು’ ತೋರಿಸುವ ದಾರಿ

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳಿಕೊಡುತ್ತೇನೆ. ಬರುವವರು ಬಗೆಬಗೆಯವರು. ನರ್ಸಿಂಗ್ ಓದುವ ಹುಡುಗಿಯರು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಹರಿಹರದಿಂದ ಬಸ್ಸು ಹಿಡಿದು ಬರುವ ಐಟಿಐ ಹುಡುಗರು. ಇವರಲ್ಲಿ ಒಬ್ಬ ಹುಡುಗಿಗೆ ಒಮ್ಮೆ ಫೋನಿನಲ್ಲಿ ಕೆಲಸದ ಸಂದರ್ಶನ ಇತ್ತು. ನಡುವೆ ಸಿಗ್ನಲ್ ಕೈಕೊಟ್ಟಿತು, ಆ ಕಡೆಯ ಮಾತು ತುಂಡುತುಂಡಾಗಿ ಬರತೊಡಗಿತು. ಅವಳು ವಿನಯದಿಂದಲೇ ಹೇಳಿದಳು: “ಸರ್, ಐ ಆಮ್ ನಾಟ್ ಲಿಸನಿಂಗ್ ಯೂ.” ಅವಳ ಮನಸ್ಸಿನಲ್ಲಿ ಇದ್ದದ್ದು “ನಿಮ್ಮ ಮಾತು ನನಗೆ ಕೇಳಿಸುತ್ತಿಲ್ಲ” ಎಂದು. ಆ ಕಡೆಯವರಿಗೆ ಮುಟ್ಟಿದ್ದು “ನಿಮ್ಮ ಮಾತಿಗೆ ನಾನು ಕಿವಿಗೊಡುತ್ತಿಲ್ಲ” ಎಂದು. ಸಂದರ್ಶನ ಅಲ್ಲಿಗೇ ಮುಗಿಯಿತು. ಆ ಸಂಜೆ ಅವಳು ಪಾಠಕ್ಕೆ ಬಂದಾಗ ಕಣ್ಣು ಕೆಂಪಾಗಿದ್ದವು.

ಅವಳು ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಅವಳಿಗೆ ಕಲಿಸಿದ ಕ್ರಮದಲ್ಲಿಯೇ ದೋಷವಿತ್ತು. ಹಿಯರ್ ಎಂದರೆ ಕೇಳು, ಲಿಸನ್ ಎಂದರೂ ಕೇಳು ಎಂದು ನೋಟ್ ಪುಸ್ತಕದಲ್ಲಿ ಬರೆಸಿ ಮುಂದೆ ಹೋಗುತ್ತೇವೆ. ಎರಡು ಬೇರೆ ಬೇರೆ ಬೀಗಕ್ಕೆ ಒಂದೇ ಕೀಲಿಕೈ ಕೊಟ್ಟು, ತೆರೆಯಲಿಲ್ಲವೆಂದು ಮಕ್ಕಳನ್ನು ಬೈಯುವುದು ಸರಿಯಲ್ಲ.

ಆ ಘಟನೆಯ ನಂತರ ಈ ಎರಡು ಪದಗಳ ಪಾಠವನ್ನು ಬೇರೆ ತೆರನಾಗಿ ಹೇಳತೊಡಗಿದೆ. ಈ ವ್ಯತ್ಯಾಸ ಕನ್ನಡದವರಿಗೆ ಹೊಸದೇನೂ ಅಲ್ಲ. ಮಾತು ಕಲಿತ ಮೂರು ವರ್ಷದ ಮಗುವೂ “ನಂಗೆ ಕೇಳಿಸಲಿಲ್ಲ” ಮತ್ತು “ನಾನು ಕೇಳಲ್ಲ” ಎಂಬ ಎರಡನ್ನು ಒಂದಕ್ಕೊಂದು ಬೆರೆಸುವುದಿಲ್ಲ. ಮೊದಲನೆಯದು ಕಿವಿಯ ಸಂಗತಿ, ಎರಡನೆಯದು ಹಟದ ಸಂಗತಿ. ಇಂಗ್ಲಿಷಿನ ಹಿಯರ್ ಮತ್ತು ಲಿಸನ್ ನಡುವೆ ಇರುವ ಗೆರೆ ಹೆಚ್ಚುಕಡಿಮೆ ಇದೇ. ಹೆಚ್ಚುಕಡಿಮೆ ಎಂದೆ, ಏಕೆಂದರೆ ಕೆಲವು ಕಡೆ ಗೆರೆ ಸೊಟ್ಟಗೆ ಹೋಗುತ್ತದೆ. ಅವನ್ನೂ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಪ್ರಶ್ನೆಯ ‘ಕೇಳು’ ಅನ್ನು ಬೇರೆ ತೆಗೆದಿಡಿ

ಕನ್ನಡದ ‘ಕೇಳು’ ಮೂರು ಕೆಲಸ ಮಾಡುವ ಪದ. ಪ್ರಶ್ನೆ ಹಾಕುವುದೂ ಕೇಳುವುದೇ, ಏನನ್ನಾದರೂ ಕೊಡಿರೆಂದು ಬೇಡುವುದೂ ಕೇಳುವುದೇ, ಕಿವಿಯಿಂದ ಗ್ರಹಿಸುವುದೂ ಕೇಳುವುದೇ. ಮೊದಲ ಎರಡಕ್ಕೆ ಇಂಗ್ಲಿಷಿನಲ್ಲಿ ಆಸ್ಕ್ ಇದೆ. ಆದ್ದರಿಂದ ವಾಕ್ಯ ಕಟ್ಟುವ ಮೊದಲು ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಕೆಲಸ ಮಾಡುತ್ತಿರುವುದು ಬಾಯಿಯೋ ಕಿವಿಯೋ? “ಕಂಡಕ್ಟರನ್ನು ಚಿಲ್ಲರೆ ಕೇಳಿದೆ” ಎಂಬಲ್ಲಿ ಬಾಯಿ. “ಕಂಡಕ್ಟರ್ ಹೇಳಿದ್ದನ್ನು ಕೇಳಿದೆ” ಎಂಬಲ್ಲಿ ಕಿವಿ. ಬಾಯಿಯಾದರೆ ಆಸ್ಕ್, ಅಲ್ಲಿಗೆ ಮುಗಿಯಿತು. ಕಿವಿಯಾದರೆ ಮಾತ್ರ ಮುಂದಿನ ಹೆಜ್ಜೆ.

ನಮ್ಮ ಕಡೆಯವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. “ಅವನನ್ನು ಕೇಳಿದೆ” ಎನ್ನುವಲ್ಲಿ “ಅವನಿಗೆ ಕೇಳಿದೆ” ಎನ್ನುವ ರೂಢಿ ಈ ಭಾಗದಲ್ಲಿ ಇದೆ. ಅದು ತಪ್ಪೆಂದು ಹೇಳುತ್ತಿಲ್ಲ, ಆದರೆ ಅಲ್ಲಿನ ‘ಗೆ’ ಪ್ರಶ್ನೆ ಯಾರಿಗೆ ಹೋಯಿತು ಎಂಬುದನ್ನು ತೋರಿಸುತ್ತದೆಯೇ ಹೊರತು ಕಿವಿ ಯಾರದು ಎಂಬುದನ್ನಲ್ಲ. ಮುಂದಿನ ಹೆಜ್ಜೆಯಲ್ಲಿ ‘ಗೆ’ ನಮಗೆ ಬಹಳ ಮುಖ್ಯವಾಗುವುದರಿಂದ ಇದನ್ನು ಈಗಲೇ ಪಕ್ಕಕ್ಕೆ ಇಟ್ಟುಬಿಡಿ.

ಎರಡನೆಯ ಹೆಜ್ಜೆ: ‘ನನಗೆ’ ಬಂದರೆ ಹಿಯರ್, ‘ನಾನು’ ಬಂದರೆ ಲಿಸನ್

ಇಡೀ ಪಾಠದ ತಿರುಳು ಇಲ್ಲಿದೆ. ಕನ್ನಡದಲ್ಲಿ ನಮ್ಮ ಇಚ್ಛೆಯಿಂದ ಮಾಡುವುದಕ್ಕೆ ‘ನಾನು’ ಎನ್ನುತ್ತೇವೆ, ತಾನಾಗಿ ನಮಗೆ ಆಗುವುದಕ್ಕೆ ‘ನನಗೆ’ ಎನ್ನುತ್ತೇವೆ. ನಾನು ಉಣ್ಣುತ್ತೇನೆ, ನನಗೆ ಹಸಿವಾಗುತ್ತದೆ. ನಾನು ಮಲಗುತ್ತೇನೆ, ನನಗೆ ನಿದ್ದೆ ಬರುತ್ತದೆ. ಹಸಿವು, ನಿದ್ದೆ, ಚಳಿ, ಸಿಟ್ಟು ಎಲ್ಲವೂ ನಮ್ಮ ಬಳಿಗೆ ಬರುತ್ತವೆ, ನಾವು ಹೋಗಿ ತರುವುದಲ್ಲ. ಸದ್ದಿಗೂ ಇದೇ ನ್ಯಾಯ.

ನನಗೆ ಸದ್ದು ಕೇಳಿಸಿತು: ಐ ಹರ್ಡ್ ಎ ಸೌಂಡ್.
ನಾನು ಹಾಡು ಕೇಳಿದೆ: ಐ ಲಿಸನ್ಡ್ ಟು ಎ ಸಾಂಗ್.

ಕಿವಿಗೆ ಮುಚ್ಚಳವಿಲ್ಲ. ನೀವು ಬಯಸಿದರೂ ಬಯಸದಿದ್ದರೂ ಪಿ.ಬಿ. ರಸ್ತೆಯ ಲಾರಿಗಳ ಹಾರ್ನ್ ಬಂದು ಬೀಳುತ್ತದೆ. ಅದು ಹಿಯರ್. ಅದೇ ಗದ್ದಲದ ನಡುವೆ ಗೆಳೆಯನ ಮಾತಿನತ್ತ ಮನಸ್ಸನ್ನು ತಿರುಗಿಸುತ್ತೀರಿ. ಅದು ಲಿಸನ್. ಮೊದಲನೆಯದಕ್ಕೆ ಕಿವಿ ಇದ್ದರೆ ಸಾಕು, ಎರಡನೆಯದಕ್ಕೆ ಮನಸ್ಸೂ ಬೇಕು.

ಪರೀಕ್ಷೆ ಮಾಡುವಾಗ ಕ್ರಿಯಾಪದವನ್ನು ನೋಡಬೇಡಿ, ವ್ಯಕ್ತಿಗೆ ಹತ್ತಿದ ಪ್ರತ್ಯಯವನ್ನು ನೋಡಿ. ‘ಕೇಳಿಸು’ ಎಂದಿದ್ದರೆ ಹಿಯರ್, ‘ಕೇಳು’ ಎಂದಿದ್ದರೆ ಲಿಸನ್ ಎಂದು ಉರು ಹೊಡೆದವರು “ಅಜ್ಜನಿಗೆ ಕಿವಿ ಕೇಳುವುದಿಲ್ಲ” ಎಂಬಲ್ಲಿ ಎಡವುತ್ತಾರೆ. ಅಲ್ಲಿ ಇರುವುದು ‘ಕೇಳು’. ಆದರೂ ಅಜ್ಜ ‘ಅಜ್ಜನಿಗೆ’ ಆಗಿದ್ದಾರೆ. ಆದ್ದರಿಂದ ಅದು ಹಿಯರ್: “ಗ್ರ್ಯಾಂಡ್‌ಫಾದರ್ ಕಾಂಟ್ ಹಿಯರ್.” ಅಜ್ಜನ ಕಿವಿಗೆ ಹಾಕುವ ಉಪಕರಣವೂ ಹಿಯರಿಂಗ್ ಏಡ್ ಆಗುತ್ತದೆ, ಲಿಸನಿಂಗ್ ಏಡ್ ಎಂದಾಗುವುದಿಲ್ಲ. ಕಿವಿಗೆ ಸಹಾಯ ಮಾಡುವ ಯಂತ್ರವನ್ನು ತಯಾರಿಸಬಹುದು, ಗಮನ ಕೊಡಿಸುವ ಯಂತ್ರ ಇಲ್ಲ.

ಅನುಮಾನ ಉಳಿದರೆ ಇನ್ನೆರಡು ಒರೆಗಲ್ಲುಗಳಿವೆ. ವಾಕ್ಯದೊಳಗೆ ‘ಕಿವಿಗೊಟ್ಟು’ ಎಂಬ ಪದವನ್ನು ಸೇರಿಸಿ ನೋಡಿ. “ಕಿವಿಗೊಟ್ಟು ಪಾಠ ಕೇಳಿದೆ” ಸಹಜವಾಗಿ ಕೂರುತ್ತದೆ, ಲಿಸನ್. “ಕಿವಿಗೊಟ್ಟು ಗುಡುಗು ಕೇಳಿಸಿತು” ಎಂದು ಯಾರೂ ಹೇಳುವುದಿಲ್ಲ, ಹಿಯರ್. ಇನ್ನೊಂದು, ಅಪ್ಪಣೆ ಮಾಡಲು ಬರುತ್ತದೆಯೇ ಎಂದು ನೋಡುವುದು. “ಮಾತು ಕೇಳು” ಎಂದು ಮಗನಿಗೆ ಹೇಳಬಹುದು. “ನಿನಗೆ ಗುಡುಗು ಕೇಳಿಸಲಿ” ಎಂದು ಅಪ್ಪಣೆ ಮಾಡಲಾಗದು. ತರಗತಿಯಲ್ಲಿ ಗಲಾಟೆ ಎದ್ದಾಗ ಮೇಷ್ಟ್ರು “ಲಿಸನ್!” ಎನ್ನುತ್ತಾರೆಯೇ ಹೊರತು “ಹಿಯರ್!” ಎನ್ನುವುದಿಲ್ಲ.

ಓಬವ್ವನ ಕಿಂಡಿಯ ಬಳಿ ಎರಡೂ ಪದಗಳು

ನಿಯಮ ಎಷ್ಟು ಹೇಳಿದರೂ ತಲೆಯಲ್ಲಿ ನಿಲ್ಲುವುದು ಕಥೆ. ಚಿತ್ರದುರ್ಗದ ಓಬವ್ವನ ಕಥೆಯನ್ನು ತಿಳಿಯದ ಮಕ್ಕಳು ನಮ್ಮ ಸೀಮೆಯಲ್ಲಿ ಇಲ್ಲ. ಹಾಗಾಗಿ ಈ ಪಾಠಕ್ಕೆ ನಾನು ಆರಿಸಿಕೊಳ್ಳುವುದು ಅದನ್ನೇ. ಹೈದರಾಲಿಯ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿದ ಕಾಲ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದಾನೆ. ಓಬವ್ವ ನೀರಿಗೆಂದು ಹೊರಟಿದ್ದಾಳೆ. ಕಿಂಡಿಯ ಕಡೆಯಿಂದ ಏನೋ ಸದ್ದು. ನಿಲ್ಲುತ್ತಾಳೆ. ಉಸಿರು ಬಿಗಿಹಿಡಿದು ಕಿವಿಗೊಡುತ್ತಾಳೆ. ಪಿಸುಮಾತು. ಆಮೇಲಿನದು ಒನಕೆಯ ಕೆಲಸ.

ಇದನ್ನು ಇಂಗ್ಲಿಷಿನಲ್ಲಿ ಮೂರೇ ವಾಕ್ಯಗಳಲ್ಲಿ ಹೇಳೋಣ:

“ಓಬವ್ವ ಹರ್ಡ್ ಎ ಸೌಂಡ್.” ಅವಳು ಹುಡುಕಿಕೊಂಡು ಹೋಗಿರಲಿಲ್ಲ, ಸದ್ದೇ ಅವಳ ಕಿವಿಗೆ ಬಂತು. ಆದ್ದರಿಂದ ಹಿಯರ್.

“ಶಿ ಸ್ಟಾಪ್ಡ್ ಅಂಡ್ ಲಿಸನ್ಡ್.” ಈಗ ಅವಳು ಬೇಕೆಂದೇ ಕಿವಿಯನ್ನು ಆ ಕಡೆ ಹೊರಳಿಸಿದಳು. ಆದ್ದರಿಂದ ಲಿಸನ್.

“ಶಿ ಹರ್ಡ್ ವಿಸ್ಪರ್ಸ್.” ಮತ್ತೆ ಹಿಯರ್. ಏಕೆ? ಮಕ್ಕಳು ಇಲ್ಲಿ ತಪ್ಪದೆ ಜಗಳ ತೆಗೆಯುತ್ತಾರೆ, ಅವಳು ಗಮನವಿಟ್ಟೇ ಕೇಳುತ್ತಿದ್ದಳಲ್ಲ ಎಂದು. ಜಗಳ ನ್ಯಾಯವಾದದ್ದೇ. ಗಮನವಿಡುವುದು ಅವಳ ಕೈಯಲ್ಲಿತ್ತು, ಆದರೆ ಪಿಸುಮಾತು ಕಿವಿಗೆ ದೊರಕುವುದು ಅವಳ ಕೈಯಲ್ಲಿರಲಿಲ್ಲ. ಲಿಸನ್ ಎಂಬುದು ಪ್ರಯತ್ನ, ಹಿಯರ್ ಎಂಬುದು ಆ ಪ್ರಯತ್ನಕ್ಕೆ ಸಿಕ್ಕ ಫಲ. ಪ್ರಯತ್ನ ಮಾಡಿಯೂ ಫಲ ಸಿಗದೆ ಇರಬಹುದು: “ಐ ಲಿಸನ್ಡ್, ಬಟ್ ಐ ಹರ್ಡ್ ನಥಿಂಗ್.” ಕಿವಿಗೊಟ್ಟು ಕೇಳಿದೆ, ಏನೂ ಕೇಳಿಸಲಿಲ್ಲ. ಕನ್ನಡ ವಾಕ್ಯವೇ ಎರಡನ್ನೂ ಬೇರೆಬೇರೆಯಾಗಿ ಹಿಡಿದುಕೊಟ್ಟಿದೆ ನೋಡಿ.

ಅತ್ತ ಊಟಕ್ಕೆ ಕೂತ ಗಂಡನ ಬಗ್ಗೆ ಏನು ಬರೆಯಬೇಕು? “ಹಿ ಡಿಡ್ ನಾಟ್ ಹಿಯರ್ ಎನಿಥಿಂಗ್” ಎಂದರೆ ದೂರದಲ್ಲಿದ್ದ, ಸದ್ದು ತಲುಪಲಿಲ್ಲ ಎಂದಷ್ಟೇ ಆಯಿತು. “ಹಿ ಡಿಡ್ ನಾಟ್ ಲಿಸನ್” ಎಂದು ಬರೆದಿರೋ, ಕಾವಲುಗಾರ ಅಸಡ್ಡೆ ತೋರಿದ ಎಂಬ ಆರೋಪ ಬಿತ್ತು. ಒಂದು ಪದ ಬದಲಾದರೆ ಮನುಷ್ಯನ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಫೋನಿನ ಹುಡುಗಿಗೆ ಆದದ್ದೂ ಇದೇ, ಅವಳು ತನ್ನ ಮೇಲೆಯೇ ಆರೋಪ ಹೊರಿಸಿಕೊಂಡಳು.

ನರ್ಸಿಂಗ್ ಓದುವವರಿಗೆ ಇದನ್ನೇ ಸ್ಟೆತಸ್ಕೋಪ್ ಹಿಡಿದು ಹೇಳುತ್ತೇನೆ. ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಲಿಸನ್ ಮಾಡುತ್ತಾರೆ. ಹೃದಯದ ಬಡಿತದ ಜೊತೆಗೆ ಬೇರೇನಾದರೂ ಸದ್ದಿದ್ದರೆ ಅದನ್ನು ಹಿಯರ್ ಮಾಡುತ್ತಾರೆ. ಹಾಗೆಯೇ ಹಿಯರಿಂಗ್ ಟೆಸ್ಟ್ ಎಂದರೆ ಕಿವಿಯ ಡಾಕ್ಟರು ಮಾಡುವ ಪರೀಕ್ಷೆ. ಹೊರದೇಶಕ್ಕೆ ಹೋಗಲು ಬರೆಯುವ ಐಇಎಲ್‌ಟಿಎಸ್‌ನಲ್ಲಿ ಇರುವುದು ಲಿಸನಿಂಗ್ ಟೆಸ್ಟ್: 4 ಭಾಗ, 40 ಪ್ರಶ್ನೆ, ಧ್ವನಿಮುದ್ರಣವನ್ನು ಒಂದೇ ಸಲ ಹಾಕುತ್ತಾರೆ. ಅಲ್ಲಿ ಅಳೆಯುವುದು ಕಿವಿಯ ಆರೋಗ್ಯವನ್ನಲ್ಲ, ಮಾತನ್ನು ಹಿಡಿಯುವ ಶಕ್ತಿಯನ್ನು.

ಮೂರನೆಯ ಹೆಜ್ಜೆ: ಸುದ್ದಿ, ಹೆಸರು, ಪತ್ರ

ಗೆರೆ ಸೊಟ್ಟಗೆ ಹೋಗುವ ಮೊದಲ ಜಾಗ ಇದು. “ನಿಮ್ಮ ಮಗಳ ಮದುವೆಯ ಸುದ್ದಿ ಕೇಳಿದೆ” ಎನ್ನುತ್ತೇವೆ. ಇಲ್ಲಿ ‘ನಾನು’ ಇದೆ, ‘ಕೇಳಿದೆ’ ಇದೆ. ಎರಡನೆಯ ಹೆಜ್ಜೆಯ ಪ್ರಕಾರ ಲಿಸನ್ ಆಗಬೇಕಿತ್ತು. ಆದರೆ ಸುದ್ದಿ ವಿಷಯದಲ್ಲಿ ಇಂಗ್ಲಿಷ್ ಹಿಯರ್ ಅನ್ನೇ ಬಳಸುತ್ತದೆ: “ಐ ಹರ್ಡ್ ಅಬೌಟ್ ಯುವರ್ ಡಾಟರ್ಸ್ ವೆಡ್ಡಿಂಗ್.” ಇಲ್ಲಿನ ಗುಟ್ಟು ಏನೆಂದರೆ, ‘ಕೇಳಿದೆ’ ಎಂಬುದನ್ನು ತೆಗೆದು ‘ನನಗೆ ತಿಳಿಯಿತು’ ಎಂದು ಹಾಕಿ ನೋಡಬೇಕು. “ಮದುವೆಯ ಸುದ್ದಿ ನನಗೆ ತಿಳಿಯಿತು.” ಅರ್ಥ ಕೆಡಲಿಲ್ಲ, ಮರೆಯಲ್ಲಿದ್ದ ‘ನನಗೆ’ಯೂ ಹೊರಬಂತು. ಹಾಗಾದರೆ ಹಿಯರ್.

ಇದರಲ್ಲಿ ನಾಲ್ಕು ಬಗೆಗಳು ದಿನಬಳಕೆಗೆ ಬೇಕಾಗುತ್ತವೆ. ಹಿಯರ್ ಅಬೌಟ್ ಎಂದರೆ ಒಂದು ವಿಷಯದ ಬಗ್ಗೆ ಸುದ್ದಿ ತಿಳಿಯುವುದು. ಹಿಯರ್ ಆಫ್ ಎಂದರೆ ಅಂಥದೊಂದು ಇದೆ ಎಂದು ಗೊತ್ತಿರುವುದು. ಬೆಂಗಳೂರಿನವರು “ಹ್ಯಾವ್ ಯೂ ಹರ್ಡ್ ಆಫ್ ದಾವಣಗೆರೆ ಬೆಣ್ಣೆ ದೋಸೆ?” ಎಂದು ಕೇಳಿದರೆ ದೋಸೆಯ ಹೆಸರು ಕಿವಿಗೆ ಬಿದ್ದಿದೆಯೇ ಎಂದು ಅರ್ಥ. ಹಿಯರ್ ದಟ್ ಎಂದರೆ ‘...ಎಂದು ಕೇಳಿದೆ’: “ಐ ಹರ್ಡ್ ದಟ್ ದ ಟ್ರೈನ್ ಈಸ್ ಲೇಟ್.” ಹಿಯರ್ ಫ್ರಂ ಎಂದರೆ ಒಬ್ಬರಿಂದ ಪತ್ರ, ಫೋನು, ಮೆಸೇಜು ಬರುವುದು. ಅರ್ಜಿಯ ಕೊನೆಯಲ್ಲಿ ಬರೆಯುವ “ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಂ ಯೂ” ಎಂಬ ಸಾಲಿನಲ್ಲಿ ಇರುವುದು ಇದೇ. ಅಲ್ಲಿ ‘ಟು’ ಆದ ಮೇಲೆ ಹಿಯರಿಂಗ್ ಎಂದೇ ಬರಬೇಕು. ಟು ಹಿಯರ್ ಎಂದು ಬರೆದ ಅರ್ಜಿಗಳನ್ನು ಎಷ್ಟೋ ತಿದ್ದಿದ್ದೇನೆ.

ರೇಡಿಯೊ ಇಟ್ಟುಕೊಂಡರೆ ಇದು ಬೇಗ ಸ್ಪಷ್ಟವಾಗುತ್ತದೆ. ಬೆಳಿಗ್ಗೆ ಚಿತ್ರದುರ್ಗ ಆಕಾಶವಾಣಿ ಹಾಕಿಕೊಂಡು ಕೂತರೆ ಲಿಸನ್ ಟು ದ ರೇಡಿಯೊ. ಆ ರೇಡಿಯೊದಿಂದ ನಿಮಗೆ ತಿಳಿದ ಸಂಗತಿಯನ್ನು ಇನ್ನೊಬ್ಬರಿಗೆ ಹೇಳುವಾಗ “ಐ ಹರ್ಡ್ ಇಟ್ ಆನ್ ದ ರೇಡಿಯೊ”.

ನಾಲ್ಕನೆಯ ಹೆಜ್ಜೆ: ಲಿಸನ್ ಹಿಂದೆ ‘ಟು’ ಬಿಡಬೇಡಿ

ಅರ್ಥ ಸರಿಯಾದ ಮೇಲೂ ನಮ್ಮವರ ವಾಕ್ಯ ಒಡೆಯುವುದು ಇಲ್ಲಿ. “ಐ ಲಿಸನ್ ಮ್ಯೂಸಿಕ್”, “ಲಿಸನ್ ಮಿ” ಎಂದುಬಿಡುತ್ತೇವೆ. ಈ ತಪ್ಪಿನ ಬೇರು ಕನ್ನಡದಲ್ಲಿಯೇ ಇದೆ. ಹಾಡನ್ನು ಕೇಳು, ಮಾತನ್ನು ಕೇಳು ಎಂದು ನಾವು ‘ಅನ್ನು’ ಹಚ್ಚುತ್ತೇವೆ. ‘ಅನ್ನು’ ಇರುವ ಕಡೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಏನೂ ಬೇಕಾಗುವುದಿಲ್ಲ. ಪುಸ್ತಕವನ್ನು ಓದು, ರೀಡ್ ದ ಬುಕ್. ಅದೇ ಅಚ್ಚಿನಲ್ಲಿ ಲಿಸನ್ ಮ್ಯೂಸಿಕ್ ಹೊರಬರುತ್ತದೆ.

ಇದಕ್ಕೆ ಮದ್ದು ಬೇರೊಂದು ಕನ್ನಡ ಪದ. ಲಿಸನ್ ಎಂದರೆ ಕೇಳು ಎಂದು ಬರೆದುಕೊಂಡಿದ್ದನ್ನು ಹೊಡೆದುಹಾಕಿ ‘ಕಿವಿಗೊಡು’ ಎಂದು ಬರೆದುಕೊಳ್ಳಿ. ಕಿವಿಗೊಡುವುದು ಯಾವಾಗಲೂ ‘ಗೆ’ ಬೇಡುತ್ತದೆ: ಮಾತಿಗೆ ಕಿವಿಗೊಡು, ಹಾಡಿಗೆ ಕಿವಿಗೊಡು. ಆ ‘ಗೆ’ ಎಂಬುದೇ ಇಂಗ್ಲಿಷಿನ ‘ಟು’. ಲಿಸನ್ ಟು ಮಿ, ನನ್ನ ಮಾತಿಗೆ ಕಿವಿಗೊಡು. ಪದಗಳ ಜೋಡಿ ಸರಿಯಾದರೆ ವ್ಯಾಕರಣ ತಾನಾಗಿ ಹಿಂದೆ ಬರುತ್ತದೆ. ಎಷ್ಟೋ ವರ್ಷ ‘ಟು ಹಾಕಿ, ಟು ಹಾಕಿ’ ಎಂದು ಕೂಗಿ ಆಗದಿದ್ದದ್ದು ಈ ಒಂದು ಪದದಿಂದ ಆಯಿತು.

ಯಾವುದಕ್ಕೆ ಎಂದು ಹೇಳದಿದ್ದರೆ ‘ಟು’ ಬೇಡ: “ಪ್ಲೀಸ್ ಲಿಸನ್.” ಹಿಯರ್ ಹಿಂದೆ ‘ಟು’ ಎಂದೂ ಬೇಡ: “ಐ ಹರ್ಡ್ ಹಿಮ್”, “ಐ ಹರ್ಡ್ ದ ಬೆಲ್”.

ಐದನೆಯ ಹೆಜ್ಜೆ: ‘ಕೇಳಿಸುತ್ತಿದೆ’ಯನ್ನು ಹೇಗೆ ಹೇಳುವುದು

ಕನ್ನಡದಲ್ಲಿ “ಸದ್ದು ಕೇಳಿಸುತ್ತಿದೆ” ಎನ್ನುತ್ತೇವೆ. ಹಾಗೆಯೇ “ಐ ಆಮ್ ಹಿಯರಿಂಗ್ ಎ ಸೌಂಡ್” ಎಂದು ಹೇಳಲು ನಾಲಿಗೆ ತಿರುಗುತ್ತದೆ. ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಕ್ಯಾನ್ ಬಳಸುತ್ತಾರೆ: “ಐ ಕ್ಯಾನ್ ಹಿಯರ್ ಎ ಸೌಂಡ್.” ಲಿಸನ್‌ಗೆ ಈ ನಿರ್ಬಂಧ ಇಲ್ಲ, ಅದು ನಾವು ಮಾಡುತ್ತಿರುವ ಕೆಲಸವಾದ್ದರಿಂದ “ಐ ಆಮ್ ಲಿಸನಿಂಗ್” ಸರಿಯಾದ ಮಾತು.

ಹಾಗಾಗಿ ಫೋನಿನಲ್ಲಿ ಬೇಕಾಗುವ ವಾಕ್ಯಗಳು ಇವು. ನನ್ನ ಮಾತು ಕೇಳಿಸುತ್ತಿದೆಯೇ: “ಕ್ಯಾನ್ ಯೂ ಹಿಯರ್ ಮಿ?” ಕೇಳಿಸುತ್ತಿಲ್ಲ: “ಐ ಕಾಂಟ್ ಹಿಯರ್ ಯೂ.” ಹೇಳಿ, ನಾನು ಗಮನವಿಟ್ಟಿದ್ದೇನೆ: “ಐ ಆಮ್ ಲಿಸನಿಂಗ್.” ಆನ್‌ಲೈನ್ ಪಾಠಗಳಲ್ಲಿ ಬಳಕೆಗೆ ಬಂದ “ಆಮ್ ಐ ಆಡಿಬಲ್?” ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಅದು ಕಾಗದದ ಮೇಲಿನ ಭಾಷೆ. ಮಾತಿಗೆ ‘ಕ್ಯಾನ್ ಯೂ ಹಿಯರ್ ಮಿ’ ಹೆಚ್ಚು ಒಪ್ಪುತ್ತದೆ.

ಹಿಯರಿಂಗ್ ಎಂಬ ರೂಪ ಎಲ್ಲಿಯೂ ಬಾರದು ಎಂದಲ್ಲ. ಕೆಲವು ದಿನಗಳಿಂದ ಮತ್ತೆ ಮತ್ತೆ ಕಿವಿಗೆ ಬೀಳುತ್ತಿರುವ ಸುದ್ದಿಗೆ “ಐ ಹ್ಯಾವ್ ಬೀನ್ ಹಿಯರಿಂಗ್” ಎನ್ನುತ್ತಾರೆ. ನ್ಯಾಯಾಲಯದ ಮಾತಿನಲ್ಲೂ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಆರನೆಯ ಹೆಜ್ಜೆ: ಕೇಳಿಸಿಕೊಳ್ಳುವುದು ಯಾವುದರ ಪಾಲು?

ಕನ್ನಡದ ಈ ಪದ ಎರಡರ ನಡುವೆ ನಿಂತಿದೆ, ಅದಕ್ಕೇ ಇದರ ಮೇಲೆ ನನಗೆ ವಿಶೇಷ ಪ್ರೀತಿ. ಸದ್ದು ಬರುವುದು ಅದರ ಪಾಡಿಗೆ, ಅದನ್ನು ಒಳಗೆ ತೆಗೆದುಕೊಳ್ಳುವುದು ನಮ್ಮ ಪಾಡಿಗೆ. ಆ ಎರಡನ್ನೂ ಒಂದೇ ಪದದಲ್ಲಿ ಹೆಣೆದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಸಮನಾದ ಪದ ಇಲ್ಲ. ಸಂದರ್ಭ ನೋಡಿ ಆರಿಸಬೇಕು.

“ಎಷ್ಟು ಹೇಳಿದರೂ ಅವನು ಕೇಳಿಸಿಕೊಳ್ಳಲಿಲ್ಲ” ಎಂದರೆ ಕಿವಿ ಸರಿ ಇತ್ತು, ಮನಸ್ಸು ಇರಲಿಲ್ಲ: “ಹಿ ಡಿಡ್ ನಾಟ್ ಲಿಸನ್.” “ಅವರಿಬ್ಬರು ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡೆ” ಎಂದರೆ ನಮ್ಮನ್ನು ಉದ್ದೇಶಿಸದ ಮಾತು ಕಿವಿಗೆ ಬಿತ್ತು. ಇದಕ್ಕೆ ಓವರ್‌ಹಿಯರ್ ಎಂಬ ಪದವೇ ಇದೆ. ಬಾಗಿಲ ಸಂದಿಯಲ್ಲಿ ನಿಂತು ಬೇಕೆಂದೇ ಕದ್ದು ಕೇಳಿದರೆ ಅದು ಈವ್ಸ್‌ಡ್ರಾಪ್. ಹಿಯರ್‌ಗೂ ಲಿಸನ್‌ಗೂ ಇರುವ ವ್ಯತ್ಯಾಸವೇ ಈ ಜೋಡಿಯಲ್ಲಿಯೂ ಇದೆ: ಒಂದು ತಾನಾಗಿ ಬಿದ್ದದ್ದು, ಇನ್ನೊಂದು ಉದ್ದೇಶಪಟ್ಟು ಮಾಡಿದ್ದು.

‘ಕೇಳಿಸು’ ಎಂಬುದಕ್ಕೂ ಇನ್ನೊಂದು ಮುಖ ಇದೆ. “ನಮಗೊಂದು ಹಾಡು ಕೇಳಿಸಿ” ಎಂದರೆ ಹಾಡಿ ತೋರಿಸಿ, ಇಲ್ಲವೇ ಹಾಡು ಹಾಕಿ ಎಂದರ್ಥ. ಅಲ್ಲಿ ‘ನಮಗೆ’ ಇದೆಯೆಂದು ಹಿಯರ್ ಹಾಕಲು ಹೋಗಬೇಡಿ. ಹಾಡು ಹಾಕುವುದಾದರೆ ಪ್ಲೇ, ಹಾಡುವುದಾದರೆ ಸಿಂಗ್.

ಏಳನೆಯ ಹೆಜ್ಜೆ: ನಿಯಮಕ್ಕೆ ಬಗ್ಗದವು

ಅಧಿಕಾರದ ಸ್ಥಾನದಲ್ಲಿ ಇರುವವರು ಗಮನವಿಟ್ಟು ಕೇಳಿದರೂ ಇಂಗ್ಲಿಷ್ ಹಿಯರ್ ಎಂದೇ ಹೇಳುತ್ತದೆ. ನ್ಯಾಯಾಧೀಶರು ಕೇಸನ್ನು ಹಿಯರ್ ಮಾಡುತ್ತಾರೆ, ಕೋರ್ಟಿನ ವಿಚಾರಣೆ ಹಿಯರಿಂಗ್. ದೇವರು ಮೊರೆಯನ್ನು ಹಿಯರ್ ಮಾಡುತ್ತಾನೆ. ಇಲ್ಲಿ ಕೇಳುವುದೆಂದರೆ ಕಿವಿಗೆ ಹಾಕಿಕೊಂಡು ತೀರ್ಮಾನ ಕೊಡುವುದು ಎಂಬಷ್ಟು ತೂಕ ಇದೆ. ಜಗಳದ ನಡುವೆ “ಹಿಯರ್ ಮಿ ಔಟ್” ಎಂದರೆ “ನನ್ನ ಮಾತನ್ನು ಪೂರ್ತಿ ಕೇಳಿ, ಆಮೇಲೆ ಏನು ಬೇಕಾದರೂ ಹೇಳಿ” ಎಂದು.

ಎದುರಿಗೆ ಕೂತು ಪೂರ್ತಿ ಕೇಳಿದ ಭಾಷಣ, ಕಛೇರಿಗಳಿಗೂ ಹಿಯರ್ ಬರುತ್ತದೆ. ತರಳಬಾಳು ಹುಣ್ಣಿಮೆಯಲ್ಲಿ ಒಬ್ಬರ ವಚನ ಗಾಯನ ಕೇಳಿಬಂದವರು “ಐ ಹರ್ಡ್ ಹಿಮ್ ಸಿಂಗ್” ಎನ್ನಬಹುದು. ಮನೆಯಲ್ಲಿ ಅವರ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೂತರೆ ಲಿಸನ್ ಟು. ಇದು ಸೂಕ್ಷ್ಮ. ಮೊದಲ ವರ್ಷ ಕಲಿಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ, ಲಿಸನ್ ಟು ಎಂದರೂ ಯಾರೂ ತಪ್ಪೆನ್ನುವುದಿಲ್ಲ.

ಲಿಸನ್ ಫಾರ್ ಎಂಬುದು ಇನ್ನೂ ಬಾರದ ಸದ್ದಿಗಾಗಿ ಕಿವಿ ತೆರೆದು ಕಾಯುವುದು. ದಾವಣಗೆರೆ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕೂತು, ನಿಮ್ಮ ಹುಬ್ಬಳ್ಳಿ ಗಾಡಿಯ ಹೆಸರು ಧ್ವನಿವರ್ಧಕದಲ್ಲಿ ಯಾವಾಗ ಬರುತ್ತದೋ ಎಂದು ಕಾಯುತ್ತೀರಲ್ಲ, ಅದು. ಬೇರೆ ಗಾಡಿಗಳ ಹೆಸರುಗಳನ್ನೆಲ್ಲ ಹಿಯರ್ ಮಾಡುತ್ತೀರಿ, ನಿಮ್ಮ ಗಾಡಿಗೆ ಮಾತ್ರ ಲಿಸನ್ ಫಾರ್.

ನಾಲಿಗೆಗೆ ಸ್ವಲ್ಪ

ಲಿಸನ್ ಎಂಬುದರ ಇಂಗ್ಲಿಷ್ ಬರಹದಲ್ಲಿ ‘ಟಿ’ ಇದೆ, ಉಚ್ಚಾರದಲ್ಲಿ ಇಲ್ಲ. ಲಿಸ್ಟನ್ ಎನ್ನಬೇಡಿ. ಹಿಯರ್‌ನ ಭೂತಕಾಲ ಹರ್ಡ್, ‘ಬರ್ಡ್’ ಜೊತೆ ಪ್ರಾಸವಾಗುತ್ತದೆ. ಹಿಯರ್ಡ್ ಎಂದು ಎಳೆಯಬಾರದು. ‘ಇಲ್ಲಿ’ ಎಂಬ ಅರ್ಥದ ಹಿಯರ್‌ಗೂ ಇದಕ್ಕೂ ಸದ್ದು ಒಂದೇ, ಅಕ್ಷರ ಬೇರೆ. ಕೇಳುವ ಹಿಯರ್ ಒಳಗೆ ‘ಇಯರ್’ ಎಂಬ ಕಿವಿ ಇಡಿಯಾಗಿ ಅಡಗಿದೆ, ಬರೆಯುವಾಗ ಅದನ್ನು ನೆನೆಸಿಕೊಂಡರೆ ಸಾಕು. ಹಾಗೆಂದು ಹಕಾರ ಬಿಟ್ಟು ಮಾತಾಡುವ ರೂಢಿ ಇರುವವರು ಸ್ವಲ್ಪ ಎಚ್ಚರ ವಹಿಸಬೇಕು. ‘ಹಾಲು’ ‘ಆಲು’ ಆದರೆ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಹಕಾರ ಬಿದ್ದುಹೋದರೆ ಹಿಯರ್ ಹೋಗಿ ಬರೀ ಕಿವಿ ಉಳಿಯುತ್ತದೆ.

ಕಣ್ಣಿಗೂ ಇದೇ ಕೀಲಿಕೈ

ಒಮ್ಮೆ ‘ನನಗೆ’ ಮತ್ತು ‘ನಾನು’ ಕೈಗೆ ಹತ್ತಿದರೆ ಸೀ ಮತ್ತು ಲುಕ್ ಜೋಡಿಯೂ ಬಿಡಿಸಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಚಿತ್ರದುರ್ಗ ಹತ್ತಿರವಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ನಮಗೆ ಕಾಣಿಸುತ್ತವೆ: ಸೀ. ಮಗು ಕಿಟಕಿಗೆ ಮುಖ ಒತ್ತಿ ಅವುಗಳತ್ತ ನೋಡುತ್ತದೆ: ಲುಕ್ ಅಟ್. ಲಿಸನ್‌ಗೆ ಟು ಇದ್ದಂತೆ ಲುಕ್‌ಗೆ ಅಟ್, ಸೀ ಮತ್ತು ಹಿಯರ್‌ಗೆ ಏನೂ ಇಲ್ಲ. ತಿರುಗುವ ರೆಕ್ಕೆಗಳನ್ನೇ ಬಹಳ ಹೊತ್ತು ನೋಡುತ್ತ ಕೂತರೆ ವಾಚ್.

ಮೂಗಿನ ವಿಷಯದಲ್ಲಿ ಮಾತ್ರ ಕನ್ನಡವೇ ಸಿರಿವಂತ. ಬೆಣ್ಣೆಯ ಘಮ ನನಗೆ ಬಂತು ಎನ್ನುವುದಕ್ಕೂ, ತುಪ್ಪವನ್ನು ನಾನು ಮೂಸಿ ನೋಡಿದೆ ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸ್ಮೆಲ್ ಒಂದೇ.

ಅಭ್ಯಾಸ

ಉತ್ತರ ನೋಡುವ ಮೊದಲು ಈ ವಾಕ್ಯಗಳನ್ನು ಒಂದು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ.

1. ಮಕ್ಕಳು ಅಜ್ಜಿಯ ಕಥೆ ಕೇಳುತ್ತಿದ್ದಾರೆ.
2. ಮಂಡಕ್ಕಿ ಅಂಗಡಿಯವರನ್ನು ಬೆಲೆ ಕೇಳಿದೆ.
3. ಸೂಳೆಕೆರೆ ತುಂಬಿದೆ ಎಂದು ಕೇಳಿದೆ.
4. ಎಷ್ಟು ಹೇಳಿದರೂ ಅವನು ಕೇಳುವುದಿಲ್ಲ.
5. ಎಷ್ಟು ಕೂಗಿದರೂ ಅವನಿಗೆ ಕೇಳುವುದಿಲ್ಲ.
6. ನಿಮ್ಮ ಮಾತು ಕೇಳಿಸುತ್ತಿಲ್ಲ, ಸ್ವಲ್ಪ ಜೋರಾಗಿ ಹೇಳುತ್ತೀರಾ?

ಮೊದಲನೆಯದರಲ್ಲಿ ಮಕ್ಕಳು ಕಥೆಗೆ ಕಿವಿಗೊಟ್ಟಿದ್ದಾರೆ: “ದ ಚಿಲ್ಡ್ರನ್ ಆರ್ ಲಿಸನಿಂಗ್ ಟು ದೇರ್ ಗ್ರ್ಯಾಂಡ್‌ಮದರ್ಸ್ ಸ್ಟೋರಿ.” ಟು ಬರೆದಿದ್ದೀರಾ ನೋಡಿಕೊಳ್ಳಿ. ಎರಡನೆಯದು ಬಾಯಿಯ ಕೆಲಸ, ಆಸ್ಕ್. ಮೂರನೆಯದರಲ್ಲಿ ‘ತಿಳಿಯಿತು’ ಎಂದು ಹಾಕಬಹುದು, ಹಾಗಾಗಿ “ಐ ಹರ್ಡ್ ದಟ್ ಸೂಳೆಕೆರೆ ಈಸ್ ಫುಲ್.” ನಾಲ್ಕು ಮತ್ತು ಐದನ್ನು ಒಟ್ಟಿಗೆ ಇಟ್ಟು ನೋಡಿ. ಕ್ರಿಯಾಪದ ಒಂದೇ, ‘ಅವನು’ ಹೋಗಿ ‘ಅವನಿಗೆ’ ಬಂದಿದೆ, ಅಷ್ಟೇ. ನಾಲ್ಕನೆಯದು “ಹಿ ಡಸಂಟ್ ಲಿಸನ್”, ಐದನೆಯದು “ಹಿ ಕಾಂಟ್ ಹಿಯರ್”. ಒಬ್ಬನಿಗೆ ಬುದ್ಧಿ ಹೇಳಬೇಕು, ಇನ್ನೊಬ್ಬನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕು.

ಆರನೆಯದನ್ನು ಬರೆದರೆ ಸಾಲದು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಬೇಕು. ನಮ್ಮ ಮಹಡಿಯಲ್ಲಿ ಇಬ್ಬಿಬ್ಬರನ್ನು ಎರಡು ಮೂಲೆಗಳಲ್ಲಿ ನಿಲ್ಲಿಸಿ, ಕೈಯಲ್ಲಿ ಮೊಬೈಲ್ ಕೊಟ್ಟು, ಸಿಗ್ನಲ್ ಹೋದಂತೆ ಒಬ್ಬರು ಮಾತು ನುಂಗುವಂತೆಯೂ ಇನ್ನೊಬ್ಬರು ಉತ್ತರ ಕೊಡುವಂತೆಯೂ ಹೇಳುತ್ತೇನೆ. ಯೋಚಿಸದೆ ಬಾಯಿಗೆ ಬರುವವರೆಗೆ, ಹತ್ತು ಸಲ: “ಸಾರಿ ಸರ್, ಐ ಕಾಂಟ್ ಹಿಯರ್ ಯೂ. ಕುಡ್ ಯೂ ಸ್ಪೀಕ್ ಅಪ್, ಪ್ಲೀಸ್?”